ನಮ್ಮೂರ ಶಾಲೆ ನಮ್ಮದಾದ ವರ್ಷ

2013ರ ಬೇಸಿಗೆಯಲ್ಲಿ ನಮ್ಮೂರಿನ ಸಭಾಂಗಣದ ಗೋಡೆ ಮೇಲೆ ಒಂದು ದೊಡ್ಡ ನಕ್ಷೆ ಅಂಟಿಸಿದ್ದರು. ಊರಿನ ಗಡಿಗೆ ದಪ್ಪ ಕೆಂಪು ಗೆರೆ. ಜನ ಒಬ್ಬೊಬ್ಬರಾಗಿ ಹೋಗಿ ತಮ್ಮ ಮನೆ ಎಲ್ಲಿದೆ ಅಂತ ಬೆರಳಿಟ್ಟು ಹುಡುಕುತ್ತಿದ್ದರು. ನಾನೂ ಹುಡುಕಿದೆ. ನಮ್ಮ ಮನೆ ಗೆರೆಯ ಒಳಗೆ. ನನ್ನ ಪಕ್ಕದಲ್ಲಿ ಇನ್ನೊಬ್ಬ ತಾಯಿ ನಿಂತಿದ್ದರು. ಅವರ ಮಗಳು, ನನ್ನ ಮಗಳು ಒಂದೇ ಕ್ಲಾಸು, ಒಂದೇ ಬೆಂಚು. ಅವರ ಬೆರಳು ನಮ್ಮ ಮನೆಯಿಂದ ಸ್ವಲ್ಪ ಕೆಳಗೆ ಇಳಿದು, ಒಂದು ರಸ್ತೆ ದಾಟಿ, ನಿಂತಿತು. ಗೆರೆಯ ಹೊರಗೆ. ನಮ್ಮಿಬ್ಬರ ಮನೆಗಳ ನಡುವೆ ಒಂದು ಮೈಲಿ ಕೂಡ ಇಲ್ಲ. ಅವರು ನನ್ನ ಕಡೆ ನೋಡಿ "ಹಾಗಾದರೆ ನಾವು ಎಲ್ಲಿಗೆ ಹೋಗಬೇಕು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತು ಅಲ್ಲಿದ್ದ ಯಾರ ಹತ್ತಿರವೂ ಇರಲಿಲ್ಲ.

ನಾವಿರುವುದು ಅಮೆರಿಕದ ಟೆನೆಸಿ ರಾಜ್ಯದಲ್ಲಿ, ಮೆಂಫಿಸ್ ನಗರದ ಹೊರವಲಯದ ಒಂದು ಊರಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ, ಮಕ್ಕಳ ವಿಷಯ ಬರುತ್ತದೆ. 2014ರಲ್ಲಿ ಇಲ್ಲಿ ಆರು ಊರುಗಳು ಒಂದೇ ಸಲಕ್ಕೆ, ಒಂದೊಂದೂ ತನ್ನದೇ ಸ್ವಂತ ಸ್ಕೂಲ್ ಡಿಸ್ಟ್ರಿಕ್ಟ್ ಮಾಡಿಕೊಂಡವು: ಆರ್ಲಿಂಗ್ಟನ್, ಬಾರ್ಟ್ಲೆಟ್, ಕಾಲಿಯರ್‌ವಿಲ್, ಜರ್ಮನ್‌ಟೌನ್, ಲೇಕ್‌ಲ್ಯಾಂಡ್, ಮಿಲಿಂಗ್ಟನ್. ನಮ್ಮದು ಇವುಗಳಲ್ಲಿ ಒಂದು. ಈಗ ಬೇರೆ ಕಡೆ ಇಂಥದ್ದೇ ಸುದ್ದಿ ಬಂದಾಗಲೆಲ್ಲ ಸ್ನೇಹಿತರು "ನೀವು ಇದನ್ನ ನೋಡಿದ್ದೀರಲ್ಲ, ಒಳ್ಳೇದಾ ಕೆಟ್ಟದ್ದಾ?" ಅಂತ ಕೇಳುತ್ತಾರೆ. ಒಂದು ಮಾತಿನಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಊರಿನಲ್ಲಿರುವ ನಮ್ಮವರಿಗೆ ಮೊದಲು ಇದೇನು ಅಂತ ಹೇಳಬೇಕು. ಕರ್ನಾಟಕದಲ್ಲಿ ಸರ್ಕಾರಿ ಶಾಲೆ ಅಂದರೆ ಬಿಇಓ ಆಫೀಸು, ಡಿಡಿಪಿಐ ಆಫೀಸು, ಮೇಲೆ ಬೆಂಗಳೂರು. ಮೇಷ್ಟ್ರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ನಿಮ್ಮ ಊರಿನ ಮನೆಗಳ ಬೆಲೆ ಏರಿದರೆ ಶಾಲೆಗೇನೂ ಜಾಸ್ತಿ ದುಡ್ಡು ಬರುವುದಿಲ್ಲ. ಇಲ್ಲಿ ಹಾಗಲ್ಲ. ಸ್ಕೂಲ್ ಡಿಸ್ಟ್ರಿಕ್ಟ್ ಅನ್ನುವುದು ತನ್ನದೇ ಗಡಿ, ತನ್ನದೇ ಬೋರ್ಡು ಇರುವ ಒಂದು ಸಣ್ಣ ಸರ್ಕಾರ. ಬೋರ್ಡಿನ ಸದಸ್ಯರನ್ನು ಜನ ಓಟು ಹಾಕಿ ಆರಿಸುತ್ತಾರೆ. ಬೋರ್ಡು ಸೂಪರಿಂಟೆಂಡೆಂಟ್‌ರನ್ನು ನೇಮಿಸುತ್ತದೆ. ಬಸ್ಸು, ಊಟ, ಮೇಷ್ಟ್ರು, ಕಟ್ಟಡ, ಯಾವ ಮಗು ಯಾವ ಶಾಲೆಗೆ ಅನ್ನುವುದು, ಎಲ್ಲಾ ಅವರದ್ದೇ. ದುಡ್ಡಿನಲ್ಲಿ ರಾಜ್ಯದ ಪಾಲು ಇರುತ್ತದೆ, ಕೇಂದ್ರದ್ದು ಸ್ವಲ್ಪ, ಆದರೆ ಇನ್ನೊಂದು ದೊಡ್ಡ ಪಾಲು ಸ್ಥಳೀಯ ತೆರಿಗೆ, ಅದರಲ್ಲೂ ಮನೆ ಮೇಲಿನ ತೆರಿಗೆ. ಹಾಗಾಗಿ ಗಡಿ ಎಲ್ಲಿ ಎಳೆಯುತ್ತೀರಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಟೆಕ್ಸಸ್‌ನಲ್ಲಂತೂ ಡಿಸ್ಟ್ರಿಕ್ಟಿನ ಹೆಸರಿನಲ್ಲೇ 'ಇಂಡಿಪೆಂಡೆಂಟ್' ಅಂತ ಇರುತ್ತದೆ. ಇಲ್ಲಿ ಟೆನೆಸಿಯಲ್ಲಿ ನಗರಸಭೆಯ ಜೊತೆ ಸೇರಿಸಿ 'ಮುನಿಸಿಪಲ್' ಅನ್ನುತ್ತಾರೆ.

ನಮ್ಮಲ್ಲಿ ಇದು ಶುರುವಾಗಿದ್ದು ಬೇರೆಯಾಗುವುದರಿಂದ ಅಲ್ಲ, ಒಂದಾಗುವುದರಿಂದ. ಇದನ್ನು ಹೇಳದೆ ಉಳಿದದ್ದು ಅರ್ಥವಾಗುವುದಿಲ್ಲ.

ಮೆಂಫಿಸ್ ನಗರಕ್ಕೆ ತನ್ನದೇ ಡಿಸ್ಟ್ರಿಕ್ಟ್ ಇತ್ತು, ಸುಮಾರು 1,03,000 ಮಕ್ಕಳು. ನಗರದ ಹೊರಗಿನ ಶೆಲ್ಬಿ ಕೌಂಟಿಗೆ ಇನ್ನೊಂದು, ಸುಮಾರು 47,000 ಮಕ್ಕಳು. ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ. ನಗರದಲ್ಲಿ ಹೆಚ್ಚಿನವರು ಕಪ್ಪು ಮಕ್ಕಳು, ಬಡತನ ಜಾಸ್ತಿ. ಹೊರಗಿನ ಊರುಗಳಲ್ಲಿ ಬಿಳಿಯರು ಜಾಸ್ತಿ, ಅನುಕೂಲ ಜಾಸ್ತಿ. ಕೌಂಟಿಯ ಶಾಲಾ ತೆರಿಗೆ ಎರಡೂ ಕಡೆಯವರಿಂದ ಬರುತ್ತಿತ್ತು, ಮಕ್ಕಳ ಹಾಜರಿಯ ಲೆಕ್ಕದಲ್ಲಿ ಎರಡೂ ಕಡೆಗೆ ಹಂಚಿಕೆಯಾಗುತ್ತಿತ್ತು. 2010ರ ನವೆಂಬರ್ ಚುನಾವಣೆಯಲ್ಲಿ ರಾಜ್ಯದಲ್ಲಿ ರಿಪಬ್ಲಿಕನ್ನರು, ಅಂದರೆ ಹೊರಗಿನ ಊರುಗಳವರು ಹೆಚ್ಚಾಗಿ ಬೆಂಬಲಿಸುವ ಪಕ್ಷ, ದೊಡ್ಡದಾಗಿ ಗೆದ್ದರು. ಕೌಂಟಿ ಡಿಸ್ಟ್ರಿಕ್ಟಿನವರು ಬಹಳ ದಿನದಿಂದ 'ಸ್ಪೆಷಲ್ ಡಿಸ್ಟ್ರಿಕ್ಟ್' ಸ್ಥಾನ ಕೇಳುತ್ತಿದ್ದರು. ಅದು ಸಿಕ್ಕಿಬಿಟ್ಟರೆ ಗಡಿ ಶಾಶ್ವತವಾಗಿ ಗಟ್ಟಿಯಾಗುತ್ತದೆ, ಹೊರಗಿನ ಊರುಗಳ ತೆರಿಗೆ ನಮ್ಮ ಕೈ ತಪ್ಪುತ್ತದೆ ಅಂತ ಮೆಂಫಿಸ್‌ನವರಿಗೆ ಭಯವಾಯಿತು. ಆ ಭಯದಲ್ಲಿ ಅವರು ಯಾರೂ ಊಹಿಸದ ಕೆಲಸ ಮಾಡಿದರು. 2010ರ ಡಿಸೆಂಬರ್ 20ರ ರಾತ್ರಿ ಮೆಂಫಿಸ್ ಬೋರ್ಡು 5-4 ಮತಗಳಿಂದ ತನ್ನ ಸನ್ನದನ್ನೇ ವಾಪಸ್ ಕೊಟ್ಟಿತು. ಅಂದರೆ, ನಮ್ಮ ಡಿಸ್ಟ್ರಿಕ್ಟ್ ಮುಚ್ಚುತ್ತೇವೆ, ನಮ್ಮ ಮಕ್ಕಳೆಲ್ಲ ಇನ್ನು ಕೌಂಟಿಯ ಮಕ್ಕಳು ಅಂತ. 2011ರ ಮಾರ್ಚ್‌ನಲ್ಲಿ ನಗರದ ಜನರೂ ಓಟು ಹಾಕಿ ಒಪ್ಪಿದರು. ಮೂರರಲ್ಲಿ ಎರಡು ಪಾಲು ಜನ ಹೌದು ಅಂದಿದ್ದರು.

ಒಂದೂವರೆ ಲಕ್ಷ ಮಕ್ಕಳ ಒಂದು ಡಿಸ್ಟ್ರಿಕ್ಟ್. ಮನೆ ಪಾಲು ಆಗುವುದನ್ನು ತಡೆಯಲು ಅಣ್ಣ ತನ್ನ ಒಲೆ ಆರಿಸಿ ಬಂದು ತಮ್ಮನ ಒಲೆ ಮುಂದೆ ಕೂತ ಹಾಗೆ. ತಮ್ಮನ ಮನೆಯಲ್ಲಿ ಅದಕ್ಕೆ ಯಾರೂ ಒಪ್ಪಿರಲಿಲ್ಲ, ಅವರನ್ನು ಯಾರೂ ಕೇಳಿಯೂ ಇರಲಿಲ್ಲ. ಇದು ನನ್ನ ಅಕ್ಕಪಕ್ಕದ ಮನೆಯವರ ದೊಡ್ಡ ಸಿಟ್ಟು. ಮೆಂಫಿಸ್‌ನ ಓಟಿನಿಂದ ನಮ್ಮ ಶಾಲೆಯ ಹಣೆಬರಹ ಬದಲಾಗುತ್ತದೆ, ನಮಗೆ ಓಟೇ ಇಲ್ಲ ಅಂತ. ಆ ಸಿಟ್ಟಿನಲ್ಲಿ ನ್ಯಾಯ ಇತ್ತು ಅಂತ ನಾನು ಈಗಲೂ ಹೇಳುತ್ತೇನೆ.

ಆದರೆ ಮೆಂಫಿಸ್‌ನವರ ಭಯದಲ್ಲೂ ನ್ಯಾಯ ಇತ್ತು. ಇದು ನನಗೆ ಅರ್ಥವಾಗಿದ್ದು ನಿಧಾನಕ್ಕೆ. ನಾವು 2008ರಲ್ಲಿ ಇಲ್ಲಿಗೆ ಬಂದವರು. ಮನೆ ನೋಡುವಾಗ ಆಫೀಸಿನಲ್ಲಿ ಎಲ್ಲರೂ ಒಂದೇ ಮಾತು ಹೇಳಿದ್ದರು: "ಶಾಲೆ ನೋಡಿ ಮನೆ ತಗೊಳ್ಳಿ." ತಗೊಂಡೆವು. ಇಲ್ಲಿನ ಹಳೆಯ ಕಥೆ ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. 1961ರ ಅಕ್ಟೋಬರ್‌ನಲ್ಲಿ ಮೆಂಫಿಸ್‌ನಲ್ಲಿ 13 ಜನ ಕಪ್ಪು ಮಕ್ಕಳು, ಎಲ್ಲರೂ ಒಂದನೇ ಕ್ಲಾಸಿನವರು, ಅಲ್ಲಿಯವರೆಗೆ ಬಿಳಿಯರಿಗಷ್ಟೇ ಇದ್ದ ನಾಲ್ಕು ಶಾಲೆಗಳಿಗೆ ಮೊದಲ ಸಲ ಕಾಲಿಟ್ಟರು. ಒಂದನೇ ಕ್ಲಾಸು, ನೆನಪಿಡಿ. ನನ್ನ ಮಗಳು ಒಂದನೇ ಕ್ಲಾಸಿನಲ್ಲಿ ಶೂ ಲೇಸು ಕಟ್ಟಿಕೊಳ್ಳಲು ನನ್ನನ್ನು ಕರೆಯುತ್ತಿದ್ದಳು. 1973ರಲ್ಲಿ ಕೋರ್ಟು ಹೇಳಿದ ಮೇಲೆ ಎರಡೂ ಬಣ್ಣದ ಮಕ್ಕಳನ್ನು ಬೆರೆಸಲು ಬಸ್ಸುಗಳಲ್ಲಿ ಬೇರೆ ಬೇರೆ ಶಾಲೆಗೆ ಕಳಿಸಿದರು. ಆಗ ಬಿಳಿಯರು ಸಾವಿರಾರು ಮಕ್ಕಳನ್ನು ಬಿಡಿಸಿ ಖಾಸಗಿ ಶಾಲೆಗೆ ಹಾಕಿದರು, ಹೊರಗಿನ ಊರುಗಳಿಗೆ ಹೋದರು. ಮರುವರ್ಷವೇ, 1974ರಲ್ಲಿ, ಡೆಟ್ರಾಯಿಟ್‌ನ ಮಿಲಿಕನ್ ವಿರುದ್ಧ ಬ್ರಾಡ್ಲಿ ಕೇಸಿನಲ್ಲಿ ಸುಪ್ರೀಂ ಕೋರ್ಟು, ಹೊರಗಿನ ಡಿಸ್ಟ್ರಿಕ್ಟುಗಳು ತಾವು ತಪ್ಪು ಮಾಡಿದ್ದು ಸಾಬೀತಾಗದಿದ್ದರೆ ಅವರನ್ನು ಈ ಬೆರೆಸುವ ಕೆಲಸಕ್ಕೆ ಎಳೆಯುವಂತಿಲ್ಲ ಅಂದಿತು. ಅಂದಿನಿಂದ ಡಿಸ್ಟ್ರಿಕ್ಟ್ ಗಡಿ ಅನ್ನುವುದು ಗೋಡೆಯಷ್ಟು ಗಟ್ಟಿ. ಗಡಿಯ ಒಳಗೆ ಏನು ಬೇಕಾದರೂ ಕೇಳಬಹುದು, ಗಡಿ ದಾಟಿ ಕೇಳುವುದು ಬಹಳ ಕಷ್ಟ. ನಾವು 'ಒಳ್ಳೇ ಶಾಲೆ' ಅಂತ ಮನೆ ತಗೊಂಡ ಊರು ಇಷ್ಟು ದೊಡ್ಡದಾಗಿದ್ದರ ಹಿಂದೆ ಇದೂ ಇದೆ.

ಸರಿ, ಮುಂದೆ ಏನಾಯಿತು ಅಂದರೆ, ರಾಜ್ಯದ ಶಾಸಕರು 2011ರಲ್ಲಿ ಒಂದು ಕಾನೂನು ಮಾಡಿದರು. ಒಂದಾಗುವುದು ಎರಡೂವರೆ ವರ್ಷ ಬಿಟ್ಟು, 2013ರಲ್ಲಿ. ಅದಾದ ಮೇಲೆ ಊರುಗಳು ಬೇಕಾದರೆ ಸ್ವಂತ ಡಿಸ್ಟ್ರಿಕ್ಟ್ ಮಾಡಿಕೊಳ್ಳಬಹುದು. ಟೆನೆಸಿಯಲ್ಲಿ ಹೊಸ ಮುನಿಸಿಪಲ್ ಡಿಸ್ಟ್ರಿಕ್ಟ್ ಮಾಡಬಾರದು ಅಂತ 1998ರಿಂದ ನಿರ್ಬಂಧ ಇತ್ತು, ಅದು ಇಲ್ಲಿಗಷ್ಟೇ ಸಡಿಲವಾಯಿತು. 2012ರ ಆಗಸ್ಟ್‌ನಲ್ಲಿ ಆರೂ ಊರುಗಳು ಓಟು ಹಾಕಿ ಹೌದು ಅಂದವು. ನವೆಂಬರ್‌ನಲ್ಲಿ ಫೆಡರಲ್ ನ್ಯಾಯಾಧೀಶ ಹಾರ್ಡಿ ಮೇಸ್ ಆ ಓಟುಗಳನ್ನು ರದ್ದು ಮಾಡಿದರು. ಕಾನೂನು ನೋಡಲು ಇಡೀ ರಾಜ್ಯಕ್ಕೆ ಇದ್ದ ಹಾಗಿದ್ದರೂ ಒಂದೇ ಕೌಂಟಿಗೆ ಅನ್ವಯಿಸುವಂತೆ ಹೊಲಿದದ್ದು, ರಾಜ್ಯದ ಸಂವಿಧಾನದಲ್ಲಿ ಹಾಗೆ ಮಾಡಲು ಅವಕಾಶ ಇಲ್ಲ ಅಂತ. 2013ರ ವಸಂತದಲ್ಲಿ ಶಾಸಕರು ನಿರ್ಬಂಧವನ್ನು ಇಡೀ ರಾಜ್ಯಕ್ಕೇ ತೆಗೆದುಹಾಕಿದರು. ಜುಲೈ 16ಕ್ಕೆ ಆರೂ ಊರುಗಳಲ್ಲಿ ಮತ್ತೆ ಓಟು. ಮತ್ತೆ ಭಾರೀ ಬಹುಮತ.

ನನಗೆ ಆಗ ಓಟು ಇರಲಿಲ್ಲ, ನಾವು ವೀಸಾದಲ್ಲಿದ್ದವರು. ಆದರೂ ಮನೆ ಅಂಗಳದಲ್ಲಿ 'ಹೌದು' ಅನ್ನುವ ಬೋರ್ಡು ನೆಡಲು ಪಕ್ಕದ ಮನೆಯವರು ಕೇಳಿದಾಗ ನೆಡಿ ಅಂದಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಆಗ ನನ್ನ ತಲೆಯಲ್ಲಿ ಇದ್ದಿದ್ದು ಇಷ್ಟೇ: ಒಂದೂವರೆ ಲಕ್ಷ ಮಕ್ಕಳ ಡಿಸ್ಟ್ರಿಕ್ಟಿನಲ್ಲಿ ನಾನು ಫೋನು ಮಾಡಿದರೆ ಎತ್ತುವವರು ಯಾರು? ಒಂದಾದ ವರ್ಷ ನನ್ನ ಮಗಳ ಬಸ್ಸು ಎರಡು ವಾರ ಸರಿಯಾದ ಹೊತ್ತಿಗೆ ಬರಲಿಲ್ಲ. ಫೋನಿನಲ್ಲಿ ಸಂಗೀತ ಕೇಳುತ್ತಾ ಕೂತಿದ್ದೆ. ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಎರಡನೇ ಕ್ಲಾಸಿನ ಹುಡುಗಿ ಅರ್ಧ ಗಂಟೆ ರಸ್ತೆ ಬದಿ ನಿಲ್ಲುವುದನ್ನು ನೋಡಿದ ತಾಯಿಗೆ 'ನಮ್ಮೂರಿಗೆ ನಮ್ಮದೇ ಬೋರ್ಡು' ಅನ್ನುವ ಮಾತು ಎಷ್ಟು ಹಿತವಾಗಿ ಕೇಳಿಸುತ್ತದೆ ಅಂತ ಹೇಳಬೇಕಾಗಿಲ್ಲ.

ಓಟು ಗೆದ್ದ ಮೇಲೆ ಶುರುವಾಯಿತು ನಿಜವಾದ ಕೆಲಸ. ಒಂದು ಡಿಸ್ಟ್ರಿಕ್ಟ್ ಅಂದರೆ ಬರೀ ಬೋರ್ಡು ಅಲ್ಲ. 2013ರ ನವೆಂಬರ್‌ನಲ್ಲಿ ಬೋರ್ಡುಗಳ ಚುನಾವಣೆ, 2014ರ ಆಗಸ್ಟ್‌ನಲ್ಲಿ ಶಾಲೆ ಬಾಗಿಲು ತೆಗೆಯಬೇಕು. ಒಂಬತ್ತು ತಿಂಗಳು. ಅಷ್ಟರಲ್ಲಿ ಸೂಪರಿಂಟೆಂಡೆಂಟ್ ಬೇಕು, ಮೇಷ್ಟ್ರುಗಳು ಬೇಕು, ಸಂಬಳ ಹಾಕುವ ವ್ಯವಸ್ಥೆ, ವಿಮೆ, ಬಸ್ಸಿನ ಗುತ್ತಿಗೆ, ಅಡುಗೆಮನೆ ಸಿಬ್ಬಂದಿ, ವಿಶೇಷ ಅಗತ್ಯ ಇರುವ ಮಕ್ಕಳಿಗೆ ಟೀಚರ್‌ಗಳು, ಕಂಪ್ಯೂಟರು, ಎಲ್ಲವೂ ಸೊನ್ನೆಯಿಂದ. ಆರು ಊರುಗಳೂ ಸೇರಿ ಇದರಲ್ಲಿ ಕೆಲವನ್ನು ಹಂಚಿಕೊಂಡವು, ಒಂದೊಂದು ಊರಿಗೆ ಒಂದೊಂದು ಆಫೀಸು ಕಟ್ಟುವಷ್ಟು ದುಡ್ಡು ಇರಲಿಲ್ಲ. ಕಾಲಿಯರ್‌ವಿಲ್‌ನವರು ಹಳೆಯ ಕೌಂಟಿ ಡಿಸ್ಟ್ರಿಕ್ಟಿನ ಸೂಪರಿಂಟೆಂಡೆಂಟ್ ಆಗಿದ್ದ ಜಾನ್ ಏಟ್ಕನ್ ಅವರನ್ನೇ ಕರೆದುಕೊಂಡರು. ಲೇಕ್‌ಲ್ಯಾಂಡ್‌ನಲ್ಲಿ ಇದ್ದಿದ್ದೇ ಒಂದು ಪ್ರಾಥಮಿಕ ಶಾಲೆ. ದೊಡ್ಡ ಮಕ್ಕಳು ಪಕ್ಕದ ಆರ್ಲಿಂಗ್ಟನ್‌ಗೆ ಹೋಗಬೇಕಿತ್ತು. ನನ್ನ ಮಗಳ ಟೀಚರ್ ತಾನು ಅದೇ ಕೋಣೆಯಲ್ಲಿ ಹಲವು ವರ್ಷ ಪಾಠ ಮಾಡಿದ್ದರೂ ಹೊಸ ಡಿಸ್ಟ್ರಿಕ್ಟಿಗೆ ಹೊಸದಾಗಿ ಅರ್ಜಿ ಹಾಕಬೇಕಾಯಿತು. ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದೆ ಆಕೆ ಏಪ್ರಿಲ್‌ನಲ್ಲಿ ಗೋಡೆಯ ಚಿತ್ರಗಳನ್ನು ಕಿತ್ತು ಪೆಟ್ಟಿಗೆಗೆ ತುಂಬುತ್ತಿದ್ದರು. ಅವರಿಗೆ ಕೆಲಸ ಸಿಕ್ಕಿತು. ಎಲ್ಲರಿಗೂ ಸಿಗಲಿಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ರಾಜ್ಯದ ಕಾನೂನಿನ ಪ್ರಕಾರ ಸ್ವಂತ ಡಿಸ್ಟ್ರಿಕ್ಟ್ ಬೇಕೆಂದರೆ ಕನಿಷ್ಠ 1,500 ಮಕ್ಕಳು ಇರಬೇಕು, ಊರು ತನ್ನ ಜೇಬಿನಿಂದಲೂ ಪ್ರತಿ ವರ್ಷ ಒಂದು ಪಾಲು ಹಾಕಬೇಕು. ಅದಕ್ಕೆ ನಮ್ಮೂರು ಮಾರಾಟ ತೆರಿಗೆಯನ್ನು ಅರ್ಧ ಪರ್ಸೆಂಟ್ ಏರಿಸಿತು. ಅಂಗಡಿ ಬಿಲ್ಲಿನಲ್ಲಿ 9.25 ಅಂತ ಇದ್ದದ್ದು 9.75 ಆಯಿತು. ಆ ಆಗಸ್ಟ್‌ನಲ್ಲಿ ಪೆನ್ಸಿಲು, ಕ್ರೇಯಾನು, ಅಂಟು ತಂದ ಬಿಲ್ಲನ್ನು ಮಗಳಿಗೆ ತೋರಿಸಿ "ನೋಡು, ಇದರಲ್ಲಿ ಸ್ವಲ್ಪ ನಿನ್ನ ಶಾಲೆಗೆ" ಅಂದಿದ್ದೆ. ಅವಳು ತಕ್ಷಣ ತನ್ನ ಗೆಳತಿಯ ಹೆಸರು ಹೇಳಿ "ಅವಳ ಅಮ್ಮನೂ ಇದೇ ಅಂಗಡಿಗೆ ಬರ್ತಾರಲ್ಲಮ್ಮಾ, ಅವರ ದುಡ್ಡೂ ನಮ್ಮ ಶಾಲೆಗಾ?" ಅಂದಳು. ಹೌದು ಅಂದೆ. ಎಂಟು ವರ್ಷದ ಮಗು ಅದಕ್ಕಿಂತ ಮುಂದೆ ಏನೂ ಕೇಳಲಿಲ್ಲ. ಆದರೆ ಆ ಪ್ರಶ್ನೆ ನನ್ನ ಜೊತೆ ಇವತ್ತಿನವರೆಗೂ ಬಂದಿದೆ.

ಯಾಕಂದರೆ ನಿಜವಾದ ಜಗಳ ಕಟ್ಟಡಗಳದ್ದೇ ಆಗಿತ್ತು. ಊರಿನೊಳಗೆ ಇರುವ ಶಾಲೆ ಯಾರದ್ದು? ಅದನ್ನು ಕಟ್ಟಿದ್ದು ಇಡೀ ಕೌಂಟಿಯ ತೆರಿಗೆಯಿಂದ. ಅದರಲ್ಲಿ ಮೆಂಫಿಸ್‌ನವರ ದುಡ್ಡೂ ಇತ್ತು, ಊರುಗಳ ಹೊರಗೆ ಯಾವ ನಗರಸಭೆಗೂ ಸೇರದ ಜಾಗದಲ್ಲಿ ಇದ್ದವರದ್ದೂ ಇತ್ತು. ನಮ್ಮೂರಿನವರು "ನಾವು ಒಂದು ಸಲ ತೆರಿಗೆ ಕಟ್ಟಿದ್ದೇವೆ, ಮತ್ತೆ ಯಾಕೆ ಕೊಳ್ಳಬೇಕು" ಅಂದರು. ಕೌಂಟಿ ಕಮಿಷನ್‌ನವರು, ಅಂದರೆ ಕೌಂಟಿಯ ಚುನಾಯಿತ ಸಭೆಯವರು, ಕೋರ್ಟಿನಲ್ಲಿ, ಈ ಹೊಸ ಡಿಸ್ಟ್ರಿಕ್ಟುಗಳಿಂದ ಬಿಳಿಯ ಮಕ್ಕಳು ಒಂದು ಕಡೆ, ಕಪ್ಪು ಮಕ್ಕಳು ಒಂದು ಕಡೆ ಆಗುತ್ತಾರೆ ಅಂತ ವಾದ ಮಾಡುತ್ತಿದ್ದರು. ಕೊನೆಗೆ ಒಂದೊಂದೇ ಊರಿನ ಜೊತೆ ರಾಜಿ ಆಯಿತು. ಕಟ್ಟಡ ಊರಿಗೆ, ಬದಲಿಗೆ ಊರು 12 ವರ್ಷ ಕಂತು ಕಟ್ಟಬೇಕು. ಕಾಗದದ ಮೇಲೆ ಅದು ಕಟ್ಟಡದ ಬೆಲೆ ಅಲ್ಲ, ನಿವೃತ್ತ ನೌಕರರ ಆರೋಗ್ಯದ ಖರ್ಚಿನ ಬಾಕಿಗೆ. ಆರ್ಲಿಂಗ್ಟನ್ ಕಟ್ಟಬೇಕಾಗಿ ಬಂದದ್ದು ಒಟ್ಟು ಸುಮಾರು 40 ಲಕ್ಷ ಡಾಲರ್. ನಾಲ್ಕು ಶಾಲೆಗೆ ಇದು ಕಡಿಮೆ, ಬಹಳ ಕಡಿಮೆ. ಒಂದು ಹೊಸ ಹೈಸ್ಕೂಲ್ ಕಟ್ಟಲು ಇದರ ಹತ್ತು ಪಟ್ಟು ಸಾಲದು.

ಜರ್ಮನ್‌ಟೌನ್‌ನಲ್ಲಿ ಮಾತ್ರ ಬೇರೆ ಥರ ಆಯಿತು, ಈ ಇಡೀ ವಿಷಯದಲ್ಲಿ ಜನ ಹೆಚ್ಚು ಯೋಚಿಸಬೇಕಾದ್ದು ಇಲ್ಲೇ ಇದೆ ಅನ್ನಿಸುತ್ತದೆ. ಊರಿನ ಹೆಸರೇ ಹೊತ್ತ ಮೂರು ಶಾಲೆಗಳಿದ್ದವು: ಜರ್ಮನ್‌ಟೌನ್ ಎಲಿಮೆಂಟರಿ, ಜರ್ಮನ್‌ಟೌನ್ ಮಿಡಲ್, ಜರ್ಮನ್‌ಟೌನ್ ಹೈ. ಇಲ್ಲಿಯವರು 'ತ್ರೀ ಜಿ' ಅನ್ನುತ್ತಾರೆ. ಆ ಶಾಲೆಗಳ ಮಕ್ಕಳಲ್ಲಿ ಹೆಚ್ಚಿನವರು ಊರಿನ ಗಡಿಯ ಹೊರಗಿನವರು. 2013ರ ನವೆಂಬರ್‌ನಲ್ಲಿ, ಒಂದಾದ ಕೌಂಟಿ ಡಿಸ್ಟ್ರಿಕ್ಟಿನ ಸೂಪರಿಂಟೆಂಡೆಂಟ್ ಡಾರ್ಸಿ ಹಾಪ್ಸನ್, ಈ ಮೂರು ನಮ್ಮ ಹತ್ತಿರವೇ ಇರುತ್ತವೆ, ಈ ಮಕ್ಕಳಿಗೆ ನಾವೇ ಜವಾಬ್ದಾರಿ ಅಂದರು. ಊರಿಗೆ ಊರೇ ಎದ್ದಿತು. ಮೇಯರ್ ವಿರೋಧಿಸಿದರು, ಸಭೆ ಮೇಲೆ ಸಭೆ ಆಯಿತು. ತಲೆಮಾರುಗಳಿಂದ ಅಲ್ಲೇ ಓದಿದವರಿಗೆ ಎಷ್ಟು ನೋವಾಗಿರಬೇಕು, ನನಗೆ ಅರ್ಥವಾಗುತ್ತದೆ. ಆದರೂ ಕೊನೆಗೆ ಹಾಗೇ ಆಯಿತು. ಹೊಸ ಜರ್ಮನ್‌ಟೌನ್ ಡಿಸ್ಟ್ರಿಕ್ಟ್ ಐದು ಶಾಲೆಗಳಿಂದ ಶುರುವಾಯಿತು, ಊರಿನ ಹೆಸರಿನ ಮೂರೂ ಊರ ನಡುವೆಯೇ ಇದ್ದರೂ ಬೇರೆ ಡಿಸ್ಟ್ರಿಕ್ಟಿಗೆ ಸೇರಿದವು.

ನಾನು ಆ ಹೈಸ್ಕೂಲ್ ಮುಂದೆ ಎಷ್ಟೋ ಸಲ ಕಾರಿನಲ್ಲಿ ಹೋಗಿದ್ದೇನೆ. ಮಧ್ಯಾಹ್ನ ಶಾಲೆ ಬಿಟ್ಟಾಗ ಹಳದಿ ಬಸ್ಸುಗಳ ಸಾಲು ಊರಿನಿಂದ ಹೊರಗೆ ಹೋಗುತ್ತದೆ. ಅದೇ ರಸ್ತೆಯಲ್ಲಿ ಎದುರಿನಿಂದ ಊರಿನ ಡಿಸ್ಟ್ರಿಕ್ಟಿನ ಹಳದಿ ಬಸ್ಸು ಬರುತ್ತದೆ. ಬಸ್ಸು ಒಂದೇ ಥರ, ಬಣ್ಣ ಒಂದೇ, ಪಕ್ಕೆಯ ಮೇಲಿನ ಅಕ್ಷರ ಮಾತ್ರ ಬೇರೆ.

ಹಾಪ್ಸನ್ ಮಾಡಿದ್ದು ಸರಿ ಅಂತ ನನ್ನ ಅಭಿಪ್ರಾಯ. ನಮ್ಮೂರಿನವರಲ್ಲಿ ಇದನ್ನು ಒಪ್ಪದವರೇ ಜಾಸ್ತಿ, ಈ ಮಾತಿಗೆ ನನ್ನ ಜೊತೆ ಮಾತು ಬಿಟ್ಟವರೂ ಇದ್ದಾರೆ. ಆದರೆ ನೋಡಿ, ಗಡಿ ಎಳೆಯುವಾಗ ಎಲ್ಲರೂ ಕೇಳಿದ್ದು 'ಈ ಕಟ್ಟಡ ಯಾರದ್ದು' ಅಂತ. ಕೇಳಬೇಕಾದ್ದು 'ಈ ಬೆಂಚಿನ ಮೇಲೆ ಈಗ ಕೂತಿರುವ ಮಗು ಯಾರು' ಅಂತ. ತ್ರೀ ಜಿ ವಿಷಯದಲ್ಲಿ ಒಬ್ಬರಾದರೂ ಆ ಪ್ರಶ್ನೆ ಕೇಳಿದರು. ಕಾಗದದಲ್ಲಿ ಗೆದ್ದ ಊರಿಗೆ ಅವಮಾನ ಆಯಿತು, ಆದರೆ ಸಾವಿರಾರು ಮಕ್ಕಳಿಗೆ ಮರುವರ್ಷ ಅದೇ ಕೋಣೆ, ಅದೇ ಮೈದಾನ ಸಿಕ್ಕಿತು. ನಮ್ಮ ಊರಿನ ಶಾಲೆಯಲ್ಲಿ ಯಾರೂ ಕೇಳಲಿಲ್ಲ.

2014ರ ಆಗಸ್ಟ್‌ನಲ್ಲಿ ನನ್ನ ಮಗಳು ಮೂರನೇ ಕ್ಲಾಸಿಗೆ ಅದೇ ಶಾಲೆಗೆ ಹೋದಳು. ಗೆಳತಿಗೆ ಬೇರೆ ಶಾಲೆ ಬಂತು, ಬೇರೆ ಬಸ್ಸು, ಮನೆಯಿಂದ ದೂರ. ಅವಳ ತಾಯಿ ನರ್ಸು, ರಾತ್ರಿ ಪಾಳಿ. ಮೊದಲು ಅವರಿಗೆ ಏನಾದರೂ ತಡವಾದರೆ ಇಬ್ಬರು ಹುಡುಗಿಯರನ್ನೂ ನಾನೇ ಮನೆಗೆ ಕರೆದುಕೊಂಡು ಬರುತ್ತಿದ್ದೆ. ಆ ಗೆಳತಿಗೆ ನನ್ನ ಉಪ್ಪಿಟ್ಟು ಇಷ್ಟ, ಕಡಲೆಬೇಳೆ ಒಂದೊಂದೇ ಆರಿಸಿ ಮೊದಲು ತಿನ್ನುತ್ತಿದ್ದಳು. ಆಮೇಲೆ ಅದು ನಿಂತಿತು. ಶಾಲೆ ಬಿಡುವ ಹೊತ್ತೂ ಬೇರೆ, ರಜೆಯೂ ಬೇರೆ. ವಸಂತದ ರಜೆ ಒಂದೇ ವಾರ ಬಂದ ವರ್ಷ ಇಬ್ಬರೂ ಒಟ್ಟಿಗೆ ಆಡಿದರು. ಬಾರದ ವರ್ಷ ಇಲ್ಲ. ಐದನೇ ಕ್ಲಾಸಿನ ಹೊತ್ತಿಗೆ ಹುಟ್ಟುಹಬ್ಬಕ್ಕೆ ಮಾತ್ರ. ಯಾರೂ ಜಗಳ ಆಡಲಿಲ್ಲ, ಯಾರೂ ಯಾರನ್ನೂ ಬೇಡ ಅನ್ನಲಿಲ್ಲ. ಸುಮ್ನೆ ದೂರ ಆದರು.

ಹಾಗಂತ ನಮ್ಮೂರ ಡಿಸ್ಟ್ರಿಕ್ಟ್ ಕೆಟ್ಟದ್ದು ಅಂತ ನಾನು ಹೇಳಲಾರೆ. ಅದು ಸುಳ್ಳಾಗುತ್ತದೆ. ಬೋರ್ಡಿನ ಸದಸ್ಯರು ನಾವು ತರಕಾರಿ ತರುವ ಅಂಗಡಿಯಲ್ಲೇ ಸಿಗುತ್ತಾರೆ. ಬಸ್ಸಿನ ತೊಂದರೆ ಹೇಳಿದರೆ ಮರುದಿನ ಸರಿಯಾಗುತ್ತದೆ. ಒಂದು ಸಲ ಗಣಿತದ ಪಠ್ಯಪುಸ್ತಕದ ಬಗ್ಗೆ ಮೂರು ಜನ ತಾಯಂದಿರು ಹೋಗಿ ಮಾತಾಡಿದೆವು, ಕೂತು ಕೇಳಿದರು, ಬದಲಾಯಿಸಿದರು. ಊರಿನ ಜನ ಶಾಲೆಯನ್ನು ತಮ್ಮ ಮನೆ ಹಾಗೆ ನೋಡಿಕೊಳ್ಳುತ್ತಾರೆ. ಜರ್ಮನ್‌ಟೌನ್‌ನವರು 2019ರಲ್ಲಿ ಹೊಸ ಪ್ರಾಥಮಿಕ ಶಾಲೆಯನ್ನೇ ತೆರೆದರು, ಲೇಕ್‌ಲ್ಯಾಂಡ್‌ನವರು ತಮ್ಮ ಮಕ್ಕಳಿಗೆ ಮಿಡಲ್ ಸ್ಕೂಲ್ ಕಟ್ಟಿಕೊಂಡರು. ದೊಡ್ಡ ಡಿಸ್ಟ್ರಿಕ್ಟಿನಲ್ಲಿ ಈ ಹತ್ತಿರ ಸಿಗುವುದಿಲ್ಲ, ನಾನು ಎರಡನ್ನೂ ನೋಡಿದ್ದೇನೆ. ಆದರೆ 2014ರಲ್ಲೇ, ನಮ್ಮ ಊರುಗಳು ಬೇರೆಯಾದ ಮೇಲೆ, ಉಳಿದ ದೊಡ್ಡ ಡಿಸ್ಟ್ರಿಕ್ಟಿನಲ್ಲಿ ಬಜೆಟ್ ಕಡಿತ, ಮೇಷ್ಟ್ರುಗಳ ಕೆಲಸಕ್ಕೆ ಕತ್ತರಿ, ಶಾಲೆ ಮುಚ್ಚುವುದು ನಡೆಯುತ್ತಿತ್ತು. ಮಕ್ಕಳು ಹೋದರೆ ಅವರ ಲೆಕ್ಕದ ದುಡ್ಡೂ ಹೋಗುತ್ತದೆ. ಹಳೆಯ ನಿವೃತ್ತರ ಖರ್ಚು, ಅರ್ಧ ಖಾಲಿಯಾದ ಕಟ್ಟಡಗಳ ಖರ್ಚು ಮಾತ್ರ ಹೋಗುವುದಿಲ್ಲ.

ಬೇರೆ ರಾಜ್ಯಗಳಲ್ಲೂ ಇದೇ ನಡೆದಿದೆ. ಅಲಬಾಮಾದಲ್ಲಿ 5,000 ಜನಸಂಖ್ಯೆ ಇರುವ ಯಾವ ಊರು ಬೇಕಾದರೂ ಸ್ವಂತ ಡಿಸ್ಟ್ರಿಕ್ಟ್ ಮಾಡಿಕೊಳ್ಳಬಹುದು. ಬರ್ಮಿಂಗ್‌ಹ್ಯಾಮ್ ಪಕ್ಕದ ಗಾರ್ಡನ್‌ಡೇಲ್ ಹಾಗೇ ಹೊರಟಿತ್ತು. ಆದರೆ ಅಲ್ಲಿನ ಕೌಂಟಿ 1965ರಿಂದ ಜನಾಂಗ ಭೇದದ ಕೇಸಿನಲ್ಲಿ ಫೆಡರಲ್ ಕೋರ್ಟಿನ ನಿಗಾದಲ್ಲಿತ್ತು, ಕೋರ್ಟಿನ ಒಪ್ಪಿಗೆ ಇಲ್ಲದೆ ಬೇರೆಯಾಗುವಂತಿರಲಿಲ್ಲ. 2017ರಲ್ಲಿ ನ್ಯಾಯಾಧೀಶೆ ಮ್ಯಾಡೆಲಿನ್ ಹೈಕಾಲಾ, ಈ ಪ್ರಯತ್ನದ ಹಿಂದೆ ಜನಾಂಗದ ಕಾರಣ ಇದೆ ಅಂತ ಹೇಳಿದರು. ಆದರೂ ಎರಡು ಪ್ರಾಥಮಿಕ ಶಾಲೆಗಳಿಂದ ಶುರು ಮಾಡಲು ಬಿಟ್ಟರು. 2018ರಲ್ಲಿ ಮೇಲಿನ ಕೋರ್ಟು ಅದನ್ನೂ ಬೇಡ ಅಂದಿತು, ಕಾರಣವೇ ತಪ್ಪು ಅಂತ ಗೊತ್ತಾದ ಮೇಲೆ ಅರ್ಧ ಕೊಡುವುದು ಹೇಗೆ ಅಂತ. ಲೂಸಿಯಾನಾದ ಬ್ಯಾಟನ್ ರೂಜ್ ಪಕ್ಕದವರು 2012 ಮತ್ತು 2013ರಲ್ಲಿ ಶಾಲಾ ಡಿಸ್ಟ್ರಿಕ್ಟ್ ಕೇಳಿ ಸಿಗದೆ, ಹಾಗಾದರೆ ನಗರವನ್ನೇ ಮಾಡಿಕೊಳ್ಳುತ್ತೇವೆ ಅಂತ ಹೊರಟರು. 2019ರಲ್ಲಿ ಓಟು ಗೆದ್ದರು, 2024ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಸೇಂಟ್ ಜಾರ್ಜ್ ನಗರಕ್ಕೆ ಒಪ್ಪಿಗೆ ಕೊಟ್ಟಿತು. ಒಂದು ಶಾಲೆ ವ್ಯವಸ್ಥೆಗಾಗಿ ಒಂದು ನಗರ. ತಂದೆತಾಯಿಗಳ ಆಸೆಯ ಬಲ ಅಷ್ಟು.

ಮೆಂಫಿಸ್‌ಗೆ ಮಾತ್ರ ಗಾರ್ಡನ್‌ಡೇಲ್ ಥರ ಕೋರ್ಟಿನ ನಿಗಾ ಆಗ ಇರಲಿಲ್ಲ. ಹಾಗಾಗಿ ನಮ್ಮೂರು ಗೆದ್ದಿತು, ಅವರ ಊರು ಸೋತಿತು. ಎರಡೂ ಕಡೆಯ ತಾಯಂದಿರು ಕೇಳಿದ್ದು ಬಹುಶಃ ಒಂದೇ.

ತ್ರೀ ಜಿ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2022ರಲ್ಲಿ ರಾಜ್ಯದ ಹೊಸ ಕಾನೂನು ಬಂತು, ಒಂದು ಡಿಸ್ಟ್ರಿಕ್ಟ್ ಇನ್ನೊಂದು ಊರಿನ ಒಳಗೆ ಹೀಗೆ ಶಾಲೆ ಇಟ್ಟುಕೊಳ್ಳುವಂತಿಲ್ಲ ಅಂತ. ವರ್ಷದ ಕೊನೆಗೆ ಒಪ್ಪಂದ ಆಯಿತು. ಎಲಿಮೆಂಟರಿ ಮತ್ತು ಮಿಡಲ್ ಶಾಲೆಗಳು ಕೆಲವು ವರ್ಷದಲ್ಲಿ ಊರಿಗೆ ವಾಪಸ್ ಹೋಗುತ್ತವೆ, ಹೈಸ್ಕೂಲಿನ ಮಕ್ಕಳಿಗೆ ಮೆಂಫಿಸ್‌ನ ಕಾರ್ಡೋವಾ ಪ್ರದೇಶದಲ್ಲಿ ಹೊಸ ಶಾಲೆ. ಕೌಂಟಿ ಅದಕ್ಕೆ ದೊಡ್ಡ ಮೊತ್ತ ಕೊಡಲು ಒಪ್ಪಿತು. ಈ ಸಲ ಒಂದು ಒಳ್ಳೆಯದು ಆಗಿದೆ: ಮಕ್ಕಳಿಗೆ ಜಾಗ ಮೊದಲು, ಕಟ್ಟಡದ ಬೀಗ ಆಮೇಲೆ. 2014ರಲ್ಲಿ ಆರೂ ಊರುಗಳಲ್ಲಿ ಹೀಗೆ ಸಮಯ ಕೊಟ್ಟಿದ್ದರೆ, ಒಂಬತ್ತು ತಿಂಗಳಲ್ಲಿ ಎಲ್ಲಾ ಹರಿದು ಹೊಲಿಯುವ ಬದಲು ಈಗ ಓದುತ್ತಿರುವವರು ಆ ಶಾಲೆ ಮುಗಿಸಲಿ, ಹೊಸದಾಗಿ ಸೇರುವವರಿಂದ ಹೊಸ ಗಡಿ ಅಂದಿದ್ದರೆ, ಸ್ವಲ್ಪ ದುಡ್ಡು ಹೆಚ್ಚು ಖರ್ಚಾಗುತ್ತಿತ್ತು, ಅಷ್ಟೇ ಅಲ್ವಾ?

ಮಗಳು 2024ರಲ್ಲಿ ಹೈಸ್ಕೂಲ್ ಮುಗಿಸಿದಳು. ಈಗ ಮಗ, ಅವಳು ಚಿಕ್ಕವಳಿದ್ದಾಗ ಓದಿದ ಶಾಲೆಯಲ್ಲೇ ಐದನೇ ಕ್ಲಾಸು. ಅವನ ಕ್ಲಾಸಿನಲ್ಲಿ ಗೆರೆಯ ಹೊರಗಿನ ಮಕ್ಕಳು ಮೂರು ಜನ ಇದ್ದಾರೆ, ಟ್ರಾನ್ಸ್‌ಫರ್ ಮೇಲೆ ಬಂದವರು. ಜಾಗ ಇದ್ದರೆ ತೆಗೆದುಕೊಳ್ಳುತ್ತಾರೆ, ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಹೋದ ವಾರ ಅವರಲ್ಲಿ ಒಬ್ಬ ಹುಡುಗ ನಮ್ಮ ಮನೆಗೆ ಬಂದಿದ್ದ. ಬೇಸಿಗೆ ಮುಗಿದ ಮೇಲೆ ಯಾವ ಟೀಚರ್ ಬರಬಹುದು ಅಂತ ನನ್ನ ಮಗ ಲೆಕ್ಕ ಹಾಕುತ್ತಿದ್ದ. ಆ ಹುಡುಗ "ನನಗೆ ಕಾಗದ ಬಂದ ಮೇಲೆ ಹೇಳ್ತೀನಿ" ಅಂದ. ಹತ್ತು ವರ್ಷದ ಹುಡುಗ.

ಈಗ ನನಗೆ ಓಟಿದೆ. ಮುಂದಿನ ಬೋರ್ಡ್ ಮೀಟಿಂಗಿನಲ್ಲಿ ಮಾತಾಡಲು ಹೆಸರು ಕೊಟ್ಟಿದ್ದೇನೆ. ಒಬ್ಬರಿಗೆ ಮೂರು ನಿಮಿಷ. ಒಂದೇ ವಿಷಯ ಕೇಳುತ್ತೇನೆ: ಒಂದು ಸಲ ಒಳಗೆ ತೆಗೆದುಕೊಂಡ ಮಗುವಿಗೆ ಆ ಶಾಲೆಯ ಕೊನೆಯ ಕ್ಲಾಸಿನವರೆಗೆ ಮತ್ತೆ ಅರ್ಜಿ ಬೇಡ ಅಂತ ನಿಯಮ ಮಾಡಿ. ಆ ನರ್ಸಮ್ಮನಿಗೂ ಮೆಸೇಜು ಹಾಕಿದ್ದೇನೆ. ಅವರು "ಆವತ್ತು ರಾತ್ರಿ ಪಾಳಿ ಇದೆ, ಬದಲಾಯಿಸಿಕೊಳ್ಳಲು ನೋಡುತ್ತೇನೆ" ಅಂದಿದ್ದಾರೆ.